ಕೊಂಕ್: ಶಂಖದ ಮಡಿಲಿನ ಒಂದು ಹಳ್ಳಿ

ಫ್ರಾನ್ಸ್ ದೇಶವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ನಿಲ್ಲುವುದು ಪ್ಯಾರಿಸ್ ನಗರವೊಂದೇ. ಐಫೆಲ್ ಗೋಪುರ, ಸೇನ್ ನದಿ, ನೆಪೋಲಿಯನ್ನನ ಗೋರಿ, ಇಷ್ಟಾದರೆ ಫ್ರಾನ್ಸ್ ಮುಗಿಯಿತೆಂದು ನಾವು ಭಾವಿಸುವುದುಂಟು. ಆದರೆ ಆ ದೇಶದಲ್ಲಿ ಸುಮಾರು 35,000 ಗ್ರಾಮ-ಪಟ್ಟಣ ಸಂಸ್ಥೆಗಳಿದ್ದು, ಅವುಗಳಲ್ಲಿ ಹೆಚ್ಚಿನವು ಐನೂರು ಜನರೂ ಇಲ್ಲದ ಸಣ್ಣ ಹಳ್ಳಿಗಳೆಂಬುದನ್ನು ಬಲ್ಲವರು ವಿರಳ. ಅಂಥ ಒಂದು ಹಳ್ಳಿಯ ವಿಷಯವನ್ನು ಇಲ್ಲಿ ಬರೆಯಹೊರಟಿದ್ದೇನೆ. ಅದರ ಹೆಸರು ಕೊಂಕ್.

ಕಳೆದ ವರ್ಷ ಬಿ. ಎ. ತರಗತಿಯಲ್ಲಿ ಮಧ್ಯಯುಗದ ಯೂರೋಪಿನ ತೀರ್ಥಯಾತ್ರೆಗಳನ್ನು ಕುರಿತು ಪಾಠ ಹೇಳುತ್ತ ನಾನು ಈ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದಾಗ ಹಿಂದಿನ ಬೆಂಚುಗಳಿಂದ ನಗು ಎದ್ದಿತು. ಕೊಂಕು ಎಂಬ ಮಾತಿಗೆ ನಮ್ಮಲ್ಲಿರುವ ಅರ್ಥ ಎಲ್ಲರಿಗೂ ಗೊತ್ತಷ್ಟೆ. ಆ ನಗುವಿನೊಡನೆ ನಾನೂ ನಕ್ಕು, ಇದು ಲ್ಯಾಟಿನ್ನಿನ ‘ಕೊಂಕ’ ಎಂಬ ಶಬ್ದದಿಂದ ಬಂದದ್ದು, ಚಿಪ್ಪು ಅಥವಾ ಶಂಖವೆಂದು ಅದರ ಅರ್ಥ, ನಮ್ಮ ‘ಶಂಖ’ಕ್ಕೂ ಅದಕ್ಕೂ ಭಾಷಾಶಾಸ್ತ್ರಜ್ಞರು ನಂಟು ಹೇಳುತ್ತಾರೆ ಎಂದು ತಿಳಿಸಿ ಮುಂದುವರಿದೆ. ಆ ಊರಿನ ಸಂತಳ ಅಸ್ಥಿಗಳನ್ನು ಸಂನ್ಯಾಸಿಯೊಬ್ಬ ಬೇರೊಂದು ಊರಿನಿಂದ ಕದ್ದು ತಂದನೆಂಬ ಕಥೆಯನ್ನು ಸ್ವಲ್ಪ ರಂಜನೆಯಾಗಿಯೇ ಹೇಳಿದೆನೆನ್ನಬೇಕು. ತರಗತಿ ಮತ್ತೆ ನಕ್ಕಿತು. ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಎದ್ದುನಿಂತು, “ಸರ್, ಕದ್ದು ತಂದ ದೇವರಿಗೆ ಪೂಜೆ ಸಲ್ಲುತ್ತದೆಯೆ? ಕಳೆದುಕೊಂಡವರ ಗತಿ ಏನು?” ಎಂದು ಕೇಳಿದಳು. ಆಕೆಯ ಊರಿನ ಗುಡಿಯಿಂದ ಪಂಚಲೋಹದ ಉತ್ಸವಮೂರ್ತಿ ಕಳುವಾಗಿ ಎರಡು ವರ್ಷವಾಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು. ಆ ಹೊತ್ತಿಗೆ ನಾನು, “ಕಾಲಧರ್ಮವಮ್ಮ, ಆಗಿನ ಜನ ಹಾಗೆ ನಂಬಿದ್ದರು” ಎಂದು ಏನೋ ಒಂದು ಹೇಳಿ ಗಂಟೆ ಬಾರಿಸಿದ್ದರಿಂದ ಪಾರಾದೆ. ಅದು ಉತ್ತರವಲ್ಲವೆಂದು ನನಗೇ ಅನ್ನಿಸುತ್ತಿತ್ತು. ಆ ಹಳ್ಳಿಯನ್ನು ನಿಂತು ಓದಬೇಕೆಂಬ ಹಟ ಹುಟ್ಟಿದ್ದು ಹೀಗೆ.

ನಾನು ಕೊಂಕ್‌ಗೆ ಹೋದವನಲ್ಲ. ನನ್ನ ಪ್ರಯಾಣವೆಲ್ಲ ಭೂಪಟದ ಮೇಲಿನದು. ಭೂಗೋಳ ಶಾಖೆಯ ನನ್ನ ಸಹೋದ್ಯೋಗಿಯೊಬ್ಬರು 25,000ಕ್ಕೆ ಒಂದರ ಪ್ರಮಾಣದ ನಕ್ಷೆಯನ್ನು ಮೇಜಿನ ಮೇಲೆ ಹರಡಿ, “ಮೊದಲು ನೆಲ ನೋಡಿ, ಆಮೇಲೆ ದೇವರು” ಎಂದರು. ಆ ಮಾತಿನಂತೆಯೇ ನಡೆಯುತ್ತೇನೆ.

ಫ್ರಾನ್ಸಿನ ನಕ್ಷೆಯಲ್ಲಿ ದಕ್ಷಿಣಾರ್ಧದ ನಡುವೆ ಒಂದು ದೊಡ್ಡ ಎತ್ತರದ ಪ್ರದೇಶವಿದೆ. ಮಧ್ಯಗಿರಿ ಪ್ರದೇಶವೆಂದು ಅದನ್ನು ಕರೆಯಬಹುದು. ಅದರ ನೈರುತ್ಯದ ಅಂಚಿನಲ್ಲಿರುವುದು ಅವೇರೋನ್ ಜಿಲ್ಲೆ. ಹಳೆಯ ಹೆಸರು ರೂಎರ್ಗ್. ಜಿಲ್ಲೆಯ ಮುಖ್ಯಪಟ್ಟಣವಾದ ರೊದೆಸ್‌ನಿಂದ ವಾಯವ್ಯಕ್ಕೆ ಸುಮಾರು 40 ಕಿಲೋಮೀಟರು ರಸ್ತೆ ನಡೆದರೆ ಕೊಂಕ್ ಸಿಗುತ್ತದೆ. ಉತ್ತರ ಅಕ್ಷಾಂಶ 44 ಡಿಗ್ರಿ 36 ಮಿನಿಟಿನ ಆಸುಪಾಸು. ದೂರ್ದೂ ಎಂಬ ಒಂದು ನದಿ ದಕ್ಷಿಣದಿಂದ ಉತ್ತರಕ್ಕೆ ಹರಿದು, ಮುಂದೆ ಲೊತ್ ನದಿಯನ್ನು ಸೇರುತ್ತದೆ. ಲೊತ್ ಪಶ್ಚಿಮಕ್ಕೆ ಹರಿದು ಗರೋನ್ ನದಿಯನ್ನು ಸೇರುತ್ತದೆ. ಈ ದೂರ್ದೂವಿಗೆ ಪೂರ್ವದಿಂದ ಊಶ್ ಎಂಬ ಸಣ್ಣ ಹಳ್ಳ ಕಡಿದಾದ ಕಮರಿಯೊಂದನ್ನು ಕೊರೆದುಕೊಂಡು ಬಂದು ಕೂಡುತ್ತದೆ. ಆ ಕೂಡುವ ಸ್ಥಳದ ಮೇಲ್ಗಡೆ, ಬೆಟ್ಟದ ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಊರು ಕುಳಿತಿದೆ. ನಕ್ಷೆಯಲ್ಲಿ ಸಮೋನ್ನತ ರೇಖೆಗಳು ಇಲ್ಲಿ ತಲೆಗೂದಲಿನಂತೆ ಒತ್ತೊತ್ತಾಗಿವೆ. ಸುತ್ತಣ ಪ್ರಸ್ಥಭೂಮಿ ಆರುನೂರು ಮೀಟರಿನವರೆಗೆ ಏರಿದ್ದರೆ ಕೆಳಗಿನ ನದಿ ಇನ್ನೂರೈವತ್ತರೊಳಗೆ ಹರಿಯುತ್ತದೆ. ನಡುವಣ ಬೆಟ್ಟದ ಒಳಮೈ ಚಿಪ್ಪಿನ ಒಳಮೈಯಂತೆ ಬಾಗಿರುವುದರಿಂದಲೇ ಊರಿಗೆ ಆ ಹೆಸರು ಬಂದಿತೆನ್ನುತ್ತಾರೆ.

ಇಂಥ ಜಾಗದಲ್ಲಿ ಯಾರಾದರೂ ಊರು ಕಟ್ಟುವರೆ? ಗಾಡಿ ತಿರುಗಿಸಲು ಸ್ಥಳವಿಲ್ಲ. ಉಳಲು ಸಮನಾದ ಹೊಲವಿಲ್ಲ. ಆದರೆ ಮೂರು ಅನುಕೂಲಗಳನ್ನು ನನ್ನ ಸಹೋದ್ಯೋಗಿ ಬೆರಳಿಟ್ಟು ತೋರಿಸಿದರು. ದಕ್ಷಿಣದ ಮುಖವಾದುದರಿಂದ ಚಳಿಗಾಲದಲ್ಲೂ ಬಿಸಿಲು ಬೀಳುತ್ತದೆ. ಎದುರು ಇಳಿಜಾರಿಗೆ ಈ ಭಾಗ್ಯವಿಲ್ಲ. ಬೆಟ್ಟದ ಹೊಟ್ಟೆಯಿಂದ ಚಿಲುಮೆಗಳು ಹೊರಡುತ್ತವೆ. ಮೂರನೆಯದಾಗಿ, ಯಾರ ಕಣ್ಣಿಗೂ ಸುಲಭವಾಗಿ ಬೀಳದ ಜಾಗ. ಏಕಾಂತ ಬೇಕಾದ ಸಂನ್ಯಾಸಿಗೆ ಇನ್ನೇನು ಬೇಕು?

ಇಲ್ಲಿಯ ಬೆಟ್ಟವೆಲ್ಲ ಷಿಸ್ಟ್ ಎಂಬ ಪದರುಪದರಾದ ಕಲ್ಲು. ಸುಣ್ಣದ ಅಂಶವಿಲ್ಲದ ಅದರ ಮಣ್ಣಿನಲ್ಲಿ ಗೋಧಿ ಚೆನ್ನಾಗಿ ಬಾರದು. ಪೂರ್ವಿಕರು ರೈ ಧಾನ್ಯ ಬೆಳೆದರು, ಇಳಿಜಾರಿಗೆ ಕಲ್ಲಿನ ಅಡ್ಡಗೋಡೆ ಕಟ್ಟಿ ಮೆಟ್ಟಿಲುಮೆಟ್ಟಿಲಾಗಿ ದ್ರಾಕ್ಷಿ ಹಾಕಿದರು, ಮಿಕ್ಕ ಕಡೆ ಚೆಸ್ಟ್‌ನಟ್ ಮರಗಳನ್ನು ಬೆಳೆಸಿದರು. ನಮ್ಮಲ್ಲಿ ಬಡವರ ಹೊಟ್ಟೆಗೆ ರಾಗಿಯಿದ್ದಂತೆ ಅಲ್ಲಿ ಈ ಕಾಯಿ; ಆ ಮರವನ್ನು ರೊಟ್ಟಿಯ ಮರವೆಂದೇ ಕರೆಯುತ್ತಿದ್ದರು. ತೋಪಿನ ನಡುವೆ ಸಣ್ಣ ಕಲ್ಲುಗುಡಿಸಲು ಕಟ್ಟಿ, ಅಟ್ಟದ ಮೇಲೆ ಕಾಯಿ ಹರಡಿ, ಕೆಳಗೆ ವಾರಗಟ್ಟಲೆ ಹೊಗೆಹಾಕಿ ಒಣಗಿಸಿ ಚಳಿಗಾಲಕ್ಕೆ ಇಡುತ್ತಿದ್ದರು. ಓದುಗರು ಈ ಗುಡಿಸಲುಗಳನ್ನು ನೆನಪಿನಲ್ಲಿಡಬೇಕು. ಮುಂದೆ ಇವುಗಳಿಗೆ ಕೆಲಸವಿದೆ.

ಅದೇ ಪದರುಗಲ್ಲನ್ನು ತೆಳುವಾಗಿ ಸೀಳಿ ಮನೆಗಳ ಮೇಲೆ ಮೀನಿನ ಹುರುಪೆಯಂತೆ ಹೊದಿಸುತ್ತಾರೆ. ಗೋಡೆಗೆ ಅದೇ ಕಲ್ಲು. ಮೇಲಂತಸ್ತು ಮರದ ಚೌಕಟ್ಟಿನದು, ಬೀದಿಯ ಕಡೆಗೆ ಚಾಚಿಕೊಂಡಿರುತ್ತದೆ. ಇಳಿಜಾರಿನಿಂದಾಗಿ ಒಂದು ಮನೆಯ ಕೆಳಬಾಗಿಲು ಒಂದು ಬೀದಿಗೆ ತೆರೆದರೆ ಅದೇ ಮನೆಯ ಮಾಳಿಗೆಯ ಬಾಗಿಲು ಮೇಲಿನ ಬೀದಿಗೆ ತೆರೆಯುವುದುಂಟು. ಮಠದ ಚರ್ಚಿಗೆ ಮಾತ್ರ ಬೇರೆ ಕಲ್ಲುಗಳೂ ಬಂದವು: ಮೇಲಿನ ಲ್ಯೂನೆಲ್ ಕಡೆಯಿಂದ ಹಳದಿ ಸುಣ್ಣಗಲ್ಲು, ದೂರ್ದೂ ಕಣಿವೆಯಿಂದ ಕೆಂಪು ಮರಳುಗಲ್ಲು. ಹಳದಿ, ಕೆಂಪು, ಬೂದು, ಈ ಮೂರು ಬಣ್ಣಗಳ ಕಟ್ಟಡವನ್ನು ನೋಡಿದರೆ ಹತ್ತಾರು ಕಿಲೋಮೀಟರಿನ ಭೂಗರ್ಭವನ್ನೇ ಒಂದು ಕಡೆ ಪೇರಿಸಿದಂತಿದೆ.

ಇನ್ನು ಸಂನ್ಯಾಸಿಗಳ ವಿಷಯ. ಎಂಟನೆಯ ಶತಮಾನದ ಕೊನೆಗೆ ದಾದೋನ್ ಎಂಬ ವಿರಕ್ತನೊಬ್ಬ ಇಲ್ಲಿ ಬಂದು ನೆಲಸಿದ. ಜೊತೆಗೆ ಇತರರೂ ಸೇರಿದರು. ಬೆನೆಡಿಕ್ಟನ ನಿಯಮದಂತೆ ಮಠವಾಯಿತು. ಷಾರ್ಲಮೇನನ ಮಗನಾದ ಲೂಯಿ ಚಕ್ರವರ್ತಿ 819ರಲ್ಲಿ ಅದಕ್ಕೆ ಶಾಸನ ಹಾಕಿಕೊಟ್ಟ. ಆದರೆ ಮಠ ಬೆಳೆದಂತೆ ಕಣಿವೆ ಇಕ್ಕಟ್ಟಾಯಿತು. ಅಗಲವಾದ ಬಯಲಿನಲ್ಲಿ ಫೀಜಾಕ್ ಎಂಬಲ್ಲಿ ‘ಹೊಸ ಕೊಂಕ್’ ಎಂಬ ಇನ್ನೊಂದು ಮಠ ಏರ್ಪಟ್ಟು ಹಳೆಯದರ ಪ್ರತಿಸ್ಪರ್ಧಿಯಾಯಿತು. ಆ ಕಾಲದಲ್ಲಿ ಮಠಕ್ಕೆ ಜನ ಬರಬೇಕಾದರೆ, ದಾನ ಬರಬೇಕಾದರೆ, ಹೆಸರಾದ ಸಂತನೊಬ್ಬನ ಅಸ್ಥಿ ಇರಬೇಕು. ಕೊಂಕ್‌ನಲ್ಲಿ ಅದಿಲ್ಲ. ಹೀಗೆ ಬಿಟ್ಟರೆ ಮಠ ಕಾಡು ಪಾಲಾಗುವುದು ಖಂಡಿತ.

ಪಶ್ಚಿಮಕ್ಕೆ ಸುಮಾರು 150 ಕಿಲೋಮೀಟರು ದೂರದ ಅಜೆನ್ ಪಟ್ಟಣದಲ್ಲಿ ಫ್ವಾ ಎಂಬ ಬಾಲಿಕೆಯ ಗೋರಿಯಿದ್ದಿತು. ಫ್ವಾ ಎಂದರೆ ಶ್ರದ್ಧೆ. ರೋಮನ್ ಚಕ್ರವರ್ತಿ ಡಯೊಕ್ಲಿಷಿಯನ್ನನು ಕ್ರೈಸ್ತರನ್ನು ಹಿಂಸಿಸಿದ ಕಾಲದಲ್ಲಿ, ಸಂಪ್ರದಾಯದ ಪ್ರಕಾರ 303ರಲ್ಲಿ, ಹನ್ನೆರಡು ವರ್ಷದ ಈ ಹುಡುಗಿ ದೇವತೆಗಳಿಗೆ ಬಲಿ ಅರ್ಪಿಸಲು ಒಪ್ಪದೆ ಪ್ರಾಣ ಕೊಟ್ಟಳು. ಕೊಂಕ್‌ನ ಸಂನ್ಯಾಸಿಗಳು ಆಕೆಯ ಮೇಲೆ ಕಣ್ಣಿಟ್ಟರು. ಫ್ರೆಂಚರು ಅರೋನಿಸ್ದ್ ಎಂದು ಕರೆಯುವ ಸಂನ್ಯಾಸಿಯೊಬ್ಬ ತನ್ನ ಮೂಲವನ್ನು ಮರೆಸಿ ಅಜೆನ್‌ಗೆ ಹೋಗಿ ಅಲ್ಲಿಯ ಸಮುದಾಯಕ್ಕೆ ಸೇರಿದ. ಒಂದು ದಿನವಲ್ಲ, ಒಂದು ವರ್ಷವಲ್ಲ, ಹತ್ತು ವರ್ಷ ಅವರ ಜೊತೆ ಬಾಳಿದ. ಎಲ್ಲರ ನಂಬಿಕೆ ಗಳಿಸಿ ಕೊನೆಗೆ ಗೋರಿಯ ಕಾವಲುಗಾರನೇ ಆದ. ಜನವರಿಯ ಹಬ್ಬವೊಂದರ ದಿನ ಉಳಿದವರು ಊಟಕ್ಕೆ ಕುಳಿತಿದ್ದಾಗ ಗೋರಿಯನ್ನು ಒಡೆದು ಅಸ್ಥಿಗಳನ್ನು ಚೀಲಕ್ಕೆ ತುಂಬಿಕೊಂಡು ರಾತ್ರಿ ಹೊರಟುಬಿಟ್ಟ. ಹಿಂದೆ ಕುದುರೆಯ ಮೇಲೆ ಜನ ಅಟ್ಟಿಸಿಕೊಂಡು ಬಂದರೂ ಸಿಕ್ಕಲಿಲ್ಲ. ಚರಿತ್ರಕಾರರು ಇದಕ್ಕೆ ಕೊಡುವ ಕಾಲ 866. ಅಸ್ಥಿಗಳು ಕೊಂಕ್ ತಲುಪಿದ ದಿನವೆಂದು ಜನವರಿ 14ನ್ನು ಅಲ್ಲಿ ಆಚರಿಸುತ್ತಾರೆ.

ಈ ಕಥೆಯನ್ನು ನಮಗೆ ತಿಳಿಸಿದವರು ಅಜೆನ್‌ನವರಲ್ಲ, ಕೊಂಕ್‌ನವರೇ! ಹನ್ನೊಂದನೆಯ ಶತಮಾನದಲ್ಲಿ ಅವರೇ ಕುಳಿತು ಲ್ಯಾಟಿನ್ನಿನಲ್ಲಿ, ಮುಚ್ಚುಮರೆಯಿಲ್ಲದೆ, ಹೆಮ್ಮೆಯಿಂದ ಬರೆದಿಟ್ಟರು. ಕಳ್ಳನಾದವನು ತನ್ನ ಕಳವಿನ ಮಹಾತ್ಮೆಯನ್ನು ಬರೆಸುವನೆ? ಇಲ್ಲಿಯೇ ಆ ಕಾಲದ ಮನಸ್ಸಿನ ಗುಟ್ಟಿರುವುದು. ಅಮೆರಿಕದ ವಿದ್ವಾಂಸ ಪ್ಯಾಟ್ರಿಕ್ ಗಿಯರಿ 1978ರಲ್ಲಿ ಇಂಥ ಪವಿತ್ರ ಚೌರ್ಯಗಳನ್ನು ಕುರಿತೇ ಒಂದು ಗ್ರಂಥ ಪ್ರಕಟಿಸಿದರು. ಅವರು ತೋರಿಸುವಂತೆ, ಆ ಜನರ ಭಾವನೆಯಲ್ಲಿ ಅಸ್ಥಿ ವಸ್ತುವಲ್ಲ, ಸಂತಳೇ. ಆಕೆಗೆ ಇಷ್ಟವಿಲ್ಲದಿದ್ದರೆ ಒಯ್ಯಲು ಬಂದವನ ಕೈ ಸೇದಿಹೋಗುತ್ತಿತ್ತು, ದಾರಿ ತಪ್ಪುತ್ತಿತ್ತು. ಯಾವ ವಿಘ್ನವೂ ಆಗದೆ ಬಂದಳೆಂದರೆ ಬರಲು ಆಕೆಯೇ ಒಪ್ಪಿದಳೆಂದು ಅರ್ಥ. ತರ್ಕ ಬಹಳ ಚೆನ್ನಾಗಿದೆ. ಕದ್ದವನಿಗೆ ಮಾತ್ರ ಅನುಕೂಲವಾದ ತರ್ಕ. ಇದನ್ನು ಓದಿದ ದಿನ ನನಗೆ ಆ ಹುಡುಗಿಗೆ ಹೇಳಲು ಉತ್ತರ ಸಿಕ್ಕಿತೆನ್ನಿಸಿ, ಮರುಕ್ಷಣವೇ ಸಿಕ್ಕಲಿಲ್ಲವೆನ್ನಿಸಿತು. ಆಕೆ ಕೇಳಿದ್ದು ಕಳೆದುಕೊಂಡವರ ಗತಿಯನ್ನು. ಅಜೆನ್‌ನ ಕಡೆಯಿಂದ ನೋಡಿದರೆ ಹತ್ತು ವರ್ಷ ಒಂದೇ ಪಂಕ್ತಿಯಲ್ಲಿ ಉಂಡವನು ಮಾಡಿದ ದ್ರೋಹ ಅದು, ಬೇರೇನೂ ಅಲ್ಲ.

ಏನೇ ಇರಲಿ, ಕೊಂಕ್‌ನ ಅದೃಷ್ಟ ತಿರುಗಿತು. ಹತ್ತನೆಯ ಶತಮಾನದ ಕೊನೆಗೆ ಕಣ್ಣು ಕಿತ್ತಿದ್ದ ಗಿಬೇರ್ ಎಂಬವನಿಗೆ ದೃಷ್ಟಿ ಮರಳಿತೆಂಬ ಸುದ್ದಿ ಹಬ್ಬಿ ಜನ ಮುಗಿಬಿದ್ದರು. ಅಸ್ಥಿಯ ಒಂದು ಭಾಗವನ್ನು ಇರಿಸಲು ಒಂದು ಪ್ರತಿಮೆ ಮಾಡಿಸಿದರು. ಇಂದಿಗೂ ಅಲ್ಲಿಯೇ ಇರುವ ಈ ಪ್ರತಿಮೆಯ ಎತ್ತರ 85 ಸೆಂಟಿಮೀಟರು. ಮರದ ಒಡಲಿಗೆ ಚಿನ್ನದ ತಗಡು ಹೊದಿಸಿ, ಕುರ್ಚಿಯ ಮೇಲೆ ಕುಳಿತ ಭಂಗಿಯಲ್ಲಿ ಮಾಡಿದ್ದಾರೆ. ಭಕ್ತರು ಶತಮಾನಗಳ ಕಾಲ ಕೊಟ್ಟ ರತ್ನಗಳು, ರೋಮನ್ ಕಾಲದ ಕೆತ್ತನೆಯ ಹರಳುಗಳು ಮೈತುಂಬ ಇವೆ. 1950ರ ದಶಕದಲ್ಲಿ ಝಾನ್ ತಾರಾಲೋನ್ ಎಂಬ ತಜ್ಞರು ಅದನ್ನು ಬಿಚ್ಚಿ ಪರೀಕ್ಷಿಸಿದಾಗ ಒಂದು ಸಂಗತಿ ಹೊರಬಿದ್ದಿತು: ಹನ್ನೆರಡು ವರ್ಷದ ಬಾಲಿಕೆಯ ಆ ಚಿನ್ನದ ಮುಖ ವಾಸ್ತವವಾಗಿ ರೋಮನ್ ಯುಗದ ಕೊನೆಗಾಲದ ಒಬ್ಬ ಗಂಡಸಿನ ತಲೆ! ಯಾವ ರೋಮನ್ ಪ್ರಭುತ್ವ ಆಕೆಯನ್ನು ಕೊಲ್ಲಿಸಿತೋ ಅದರ ಕಾಲದ ಮುಖವನ್ನೇ ಆಕೆಗೆ ತೊಡಿಸಿದ್ದರು. ಸಂನ್ಯಾಸಿಗಳಿಗೆ ಇದು ಗೊತ್ತಿದ್ದಿರಲಾರದು. ಹಳೆಯ ಚಿನ್ನ ಸಿಕ್ಕಿತು, ಬಳಸಿದರು.

1013ರಲ್ಲಿ ಉತ್ತರದ ಆಂಜೆ ಪಟ್ಟಣದ ಬೆರ್ನಾರ್ ಎಂಬ ಪಾಠಶಾಲೆಯ ಮುಖ್ಯಸ್ಥ ಇಲ್ಲಿಗೆ ಬಂದ. ನಮ್ಮಂತೆಯೇ ಮೇಷ್ಟರು, ಓದಿಕೊಂಡವನು, ಹಳ್ಳಿಗರ ಮೂಢನಂಬಿಕೆಯನ್ನು ಕಂಡು ನಗಲೆಂದೇ ಬಂದವನು. ಈ ಪ್ರತಿಮೆಯ ಮುಂದೆ ಜನ ಬೋರಲು ಬಿದ್ದಿದ್ದನ್ನು ನೋಡಿ, ಇದು ಜ್ಯೂಪಿಟರನದೋ ಮಾರ್ಸನದೋ ವಿಗ್ರಹದಂತಿದೆಯಲ್ಲ ಎಂದು ಗೆಳೆಯನ ಕಿವಿಯಲ್ಲಿ ಹಾಸ್ಯ ಮಾಡಿದ. ಆಮೇಲೆ ಊರಿನಲ್ಲಿ ಉಳಿದು, ಬಂದವರ ಬಾಯಿಂದ ಕಥೆ ಕೇಳಿ ಕೇಳಿ ಮನಸ್ಸು ಕರಗಿತು. ತಾನು ನಕ್ಕದ್ದು ತಪ್ಪೆಂದು ಒಪ್ಪಿ ಸಂತಳ ಪವಾಡಗಳ ಪುಸ್ತಕವನ್ನೇ ಬರೆದ. ಅವನ ಪುಸ್ತಕದಲ್ಲಿ ಫ್ವಾ ಹುಡುಗಾಟದ ಹುಡುಗಿ: ಒಡವೆಯ ಆಸೆ ಬಹಳ. ತುಲೂಸಿನ ಕೌಂಟನ ಹೆಂಡತಿ ಅರ್ಸಿಂದಳ ಕನಸಿನಲ್ಲಿ ಬಂದು ಚಿನ್ನದ ಕಡಗಗಳನ್ನು ಕೇಳುತ್ತಾಳೆ. ಆ ಜಾಣೆ, “ಗಂಡುಮಗು ಕೊಟ್ಟರೆ ಕೊಡುತ್ತೇನೆ” ಎಂದು ಚೌಕಾಸಿ ಮಾಡುತ್ತಾಳೆ. ಸೆರೆಯಾಳುಗಳ ಮೇಲೆ ಫ್ವಾಳಿಗೆ ವಿಶೇಷ ಕರುಣೆ. ಬಿಡುಗಡೆಯಾದವರು ತಮ್ಮ ಸಂಕೋಲೆಗಳನ್ನು ಹೊತ್ತು ತಂದು ಒಪ್ಪಿಸುತ್ತಿದ್ದರು. ಚರ್ಚಿನೊಳಗಿನ ಕಬ್ಬಿಣದ ಜಾಲರಿಯನ್ನು ಆ ಸಂಕೋಲೆಗಳನ್ನೇ ಕರಗಿಸಿ ಮಾಡಿದರೆಂದು ಪ್ರತೀತಿ.

ಜನ ಹೆಚ್ಚಿದಂತೆ ಹಳೆಯ ಕಟ್ಟಡ ಸಾಲದಾಯಿತು. ಓದೋಲ್ರಿಕ್ ಎಂಬ ಮಠಾಧಿಪತಿ ಹನ್ನೊಂದನೆಯ ಶತಮಾನದ ಮಧ್ಯದಲ್ಲಿ ಈಗಿನ ಚರ್ಚನ್ನು ಆರಂಭಿಸಿದ. ಬೆಗೊನ್, ಬೋನಿಫಾಸ್ ಎಂಬ ಮಠಾಧಿಪತಿಗಳ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಮೊದಲ ಭಾಗಕ್ಕೆ, ಮುಗಿಯುತ್ತ ಬಂದಿತು. ಇಲ್ಲಿ ಭೂಗೋಳದ ಕೈವಾಡ ಸ್ಪಷ್ಟವಾಗಿದೆ. ಉತ್ತರದಲ್ಲಿ ಬೆಟ್ಟ, ದಕ್ಷಿಣದಲ್ಲಿ ಕಮರಿ. ಉದ್ದ ಬೆಳೆಯಲು ಎಡೆಯಿಲ್ಲ. ಆದುದರಿಂದ ಎತ್ತರ ಬೆಳೆದರು. ಒಳಗಿನ ಕಮಾನು ನೆಲದಿಂದ ಸುಮಾರು 22 ಮೀಟರು. ಗರ್ಭಸ್ಥಾನದ ಸುತ್ತ ಪ್ರದಕ್ಷಿಣಾಪಥವಿದ್ದು, ಒಂದು ಕಡೆಯಿಂದ ಬಂದ ಯಾತ್ರಿಕರು ಸಂತಳನ್ನು ಸುತ್ತಿ ಇನ್ನೊಂದು ಕಡೆಯಿಂದ ಹೊರಬೀಳುವಂತೆ ಏರ್ಪಾಡಾಗಿದೆ. ಲ ಪುಯಿ ಎಂಬಲ್ಲಿಂದ ಸ್ಪೇನಿನ ಸ್ಯಾಂಟಿಯಾಗೊಗೆ ಹೋಗುವ ಯಾತ್ರಾಮಾರ್ಗ ಸುಮಾರು 200 ಕಿಲೋಮೀಟರು ನಡೆದ ಮೇಲೆ ಇಲ್ಲಿಗೆ ಇಳಿಯುತ್ತದೆ. ಹನ್ನೆರಡನೆಯ ಶತಮಾನದ ಯಾತ್ರಿಕರ ಕೈಪಿಡಿಯೊಂದು ಫ್ವಾಳ ದರ್ಶನ ಮಾಡಬೇಕೆಂದು ಹೇಳಿ, ಚರ್ಚಿನ ಮುಂದಣ ಚಿಲುಮೆಯ ನೀರನ್ನೂ ಹೊಗಳುತ್ತದೆ. ನಡೆದು ದಣಿದವನು ಬರೆದ ಪುಸ್ತಕವೆನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಪಶ್ಚಿಮದ ಬಾಗಿಲ ಮೇಲೆ ಅರ್ಧಚಂದ್ರಾಕಾರದ ಒಂದು ಶಿಲಾಫಲಕವಿದೆ. ಅಗಲ ಸುಮಾರು ಆರೂಮುಕ್ಕಾಲು ಮೀಟರು, ಎತ್ತರ ಮೂರೂವರೆ ಮೀಟರಿಗೆ ಸ್ವಲ್ಪ ಹೆಚ್ಚು. ಅದರಲ್ಲಿ 124 ಆಕೃತಿಗಳು. ವಿಷಯ ಕ್ರೈಸ್ತರ ಅಂತಿಮ ತೀರ್ಪು. ನಡುವೆ ಕ್ರಿಸ್ತ, ಬಲಗೈ ಮೇಲೆತ್ತಿ ಎಡಗೈ ಕೆಳಗೆ ತೋರಿಸುತ್ತಾನೆ. ಅವನ ಬಲಕ್ಕೆ ಸ್ವರ್ಗ. ಅಲ್ಲಿ ಎಲ್ಲವೂ ಸಾಲುಸಾಲು, ಶಾಂತ. ಸತ್ಯ ಹೇಳಬೇಕೆಂದರೆ ಸ್ವಲ್ಪ ಬೇಸರ. ಮೇರಿ, ಸಂತ ಪೀಟರ್, ಅವರ ಹಿಂದೆ ನಮ್ಮ ದಾದೋನ್, ಅವನ ಹಿಂದೆ ಒಬ್ಬ ಮಠಾಧಿಪತಿ ಷಾರ್ಲಮೇನ್ ಚಕ್ರವರ್ತಿಯ ಕೈಹಿಡಿದು ಕರೆತರುತ್ತಿದ್ದಾನೆ. ಲೋಕವನ್ನೇ ಆಳಿದ ಚಕ್ರವರ್ತಿ ಇಲ್ಲಿ ಜಾತ್ರೆಗೆ ಬಂದ ಮಗುವಿನಂತೆ ಕುಗ್ಗಿ ನಡೆಯುತ್ತಾನೆ. ಮಠಕ್ಕೆ ಕೊಟ್ಟ ದಾನಗಳೇ ಅವನನ್ನು ಉಳಿಸಬೇಕು. ಒಂದು ಮೂಲೆಯಲ್ಲಿ ಫ್ವಾ ಮಂಡಿಯೂರಿದ್ದಾಳೆ, ಮೋಡದಿಂದ ದೇವರ ಕೈ ಚಾಚಿದೆ, ಹಿಂದೆ ಕಮಾನಿನಿಂದ ಸೆರೆಯಾಳುಗಳ ಸಂಕೋಲೆಗಳು ತೂಗುತ್ತಿವೆ.

ಎಡಕ್ಕೆ ನರಕ. ಶಿಲ್ಪಿಯ ಮನಸ್ಸೆಲ್ಲ ಇಲ್ಲಿದೆ. ಕುದುರೆಯಿಂದ ತಲೆಕೆಳಗಾಗಿ ಬೀಳುವ ಗರ್ವಿಷ್ಠ ಯೋಧ, ಕೊರಳಿಗೆ ಹಣದ ಚೀಲ ಕಟ್ಟಿ ನೇಣುಹಾಕಿದ ಜಿಪುಣ, ನಾಲಗೆ ಕೀಳಿಸಿಕೊಳ್ಳುವ ಸುಳ್ಳುಗಾರ. ಮಠದ ಕಾಡಿನಲ್ಲಿ ಕಳ್ಳಬೇಟೆಯಾಡಿದವನನ್ನು ಮೊಲವೇ ಕೋಲಿಗೆ ಸಿಕ್ಕಿಸಿ ಸುಡುತ್ತಿದೆ! ಬಲೆಗೆ ಬಿದ್ದ ಮಠಾಧಿಪತಿಗಳೂ ಇದ್ದಾರೆ. ತಮ್ಮ ಬಾಗಿಲ ಮೇಲೆಯೇ ತಮ್ಮವರನ್ನು ನರಕಕ್ಕೆ ಹಾಕಿದ ಆ ಸಂನ್ಯಾಸಿಗಳ ಧೈರ್ಯ ಮೆಚ್ಚಬೇಕಾದದ್ದು. ನಡುವೆ ಪಾಪಪುಣ್ಯದ ತಕ್ಕಡಿ. ಸೈತಾನನ ಕಡೆಯವನು ಯಾರೂ ನೋಡದಂತೆ ತನ್ನ ತಟ್ಟೆಯನ್ನು ಬೆರಳಿನಿಂದ ಅದುಮುತ್ತಿದ್ದಾನೆ. ಸಂತೆಯಲ್ಲಿ ತೂಕ ನೋಡಿ ನೋಡಿ ಅನುಭವವಾದವನೇ ಇದನ್ನು ಕೆತ್ತಿರಬೇಕು. ಫಲಕದ ಅಂಚಿನ ಸುತ್ತ ಕಲ್ಲಿನ ಪಟ್ಟಿಯ ಹಿಂದಿನಿಂದ ಸಣ್ಣ ಮುಖಗಳು ಇಣುಕುತ್ತವೆ. ಗೋಡೆಯಾಚೆಯಿಂದ ನಾಟಕ ನೋಡುವ ಹುಡುಗರಂತೆ ಬರಿಯ ಕಣ್ಣು, ಮೂಗು, ಬೆರಳು. ಹಳೆಯ ನೀಲಿ-ಕೆಂಪು ಬಣ್ಣದ ಗುರುತುಗಳು ಇಂದಿಗೂ ಉಳಿದಿವೆ. ಈ ನರಕದಲ್ಲಿ ಎಲ್ಲ ಬಗೆಯ ಪಾಪಿಗಳನ್ನೂ ಹುಡುಕಿದೆ. ಅಸ್ಥಿ ಕದ್ದ ಸಂನ್ಯಾಸಿಯನ್ನು ಅವರು ಅಲ್ಲಿ ಕೆತ್ತಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ.

ಹದಿಮೂರನೆಯ ಶತಮಾನದಿಂದಾಚೆಗೆ ಇಳಿಗಾಲ. ಪಿಡುಗು, ಯುದ್ಧ, ಯಾತ್ರಿಕರ ಅಭಾವ. 1537ರಲ್ಲಿ ಸಂನ್ಯಾಸಿಗಳ ಮಠ ಹೋಗಿ ಸಾಮಾನ್ಯ ಪಾದ್ರಿಗಳ ಸಮುದಾಯ ಬಂದಿತು. ಅದನ್ನೂ ಮಹಾಕ್ರಾಂತಿಯ ಕಾಲದಲ್ಲಿ, 1790ರಲ್ಲಿ, ತೆಗೆದುಹಾಕಿದರು.

ಇಲ್ಲಿಂದ ಮುಂದಿನ ಭಾಗವೇ ನನಗೆ ಮುಖ್ಯವೆನ್ನಿಸಿದ್ದು. ಕ್ರಾಂತಿಸರ್ಕಾರಕ್ಕೆ ಯುದ್ಧದ ಖರ್ಚಿಗೆ ಲೋಹ ಬೇಕಿತ್ತು. ದೇಶದ ಚರ್ಚುಗಳ ಬೆಳ್ಳಿಬಂಗಾರವನ್ನೆಲ್ಲ ಟಂಕಸಾಲೆಗೆ ಒಯ್ದು ಕರಗಿಸುತ್ತಿದ್ದರು. ಮಧ್ಯಯುಗದ ಎಷ್ಟೋ ಅಮೂಲ್ಯ ಕೃತಿಗಳು ಹೀಗೆ ನಾಣ್ಯಗಳಾಗಿ ಮಾಯವಾದವು. ಕೊಂಕ್‌ನ ಸರದಿಯೂ ಬಂದಿತು. ಆಗ ಊರಿನ ಜನ ಭಂಡಾರವನ್ನು ತಾವೇ ಹಂಚಿಕೊಂಡು ಅಡಗಿಸಿಬಿಟ್ಟರು. ಒಬ್ಬರ ಮನೆಯಲ್ಲಿ ಒಂದು ಕರಂಡಕ, ಇನ್ನೊಬ್ಬರ ಹಿತ್ತಲಿನಲ್ಲಿ ಒಂದು ಶಿಲುಬೆ. ಕೆಲವು ವಸ್ತುಗಳು ಹಿಂದೆ ಹೇಳಿದ ಆ ಚೆಸ್ಟ್‌ನಟ್ ಒಣಗಿಸುವ ಗುಡಿಸಲುಗಳಲ್ಲಿ. ಹೊಗೆ ಹಿಡಿದ ಆ ಕತ್ತಲಕೋಣೆಯಲ್ಲಿ ಚಿನ್ನವಿದೆಯೆಂದು ಯಾರು ಊಹಿಸಬಲ್ಲರು? ಬಿರುಗಾಳಿ ನಿಂತ ಮೇಲೆ ಅವರೇ ಅವುಗಳನ್ನು ತಂದು ಒಪ್ಪಿಸಿದರು. ಆ ಜನ ಸಿರಿವಂತರಲ್ಲ. ಕಾಯಿ ತಿಂದು ಚಳಿಗಾಲ ಕಳೆಯುವವರು. ಸಂತಳ ಮೈಮೇಲಿನ ಒಂದು ಹರಳನ್ನು ಮಾರಿದ್ದರೆ ಒಂದು ಸಂಸಾರ ವರ್ಷ ಬಾಳಬಹುದಿತ್ತು. ಒಂಬತ್ತನೆಯ ಶತಮಾನದಿಂದ ಹದಿನಾರನೆಯ ಶತಮಾನದವರೆಗಿನ ಕೃತಿಗಳು ಒಂದೇ ಹಳ್ಳಿಯಲ್ಲಿ ಇಂದು ನೋಡಲು ಸಿಗುವುದು ಅವರಿಂದಾಗಿ.

ಆದರೆ ಇದೇ ಜನರನ್ನು ದೇವಮಾನವರನ್ನಾಗಿ ಮಾಡುವುದು ಬೇಡ. ಚಿನ್ನವನ್ನು ಕಾಪಾಡಿದ ಅವರೇ ಮಠದ ಶಿಲ್ಪಮಂಟಪದ ಕಲ್ಲುಗಳನ್ನು ಕಿತ್ತು ಮನೆಗೋಡೆಗೂ ಕೊಟ್ಟಿಗೆಗೂ ಬಳಸಿಕೊಂಡರು. ಸುಂದರವಾದ ಆ ಕಂಬಸಾಲಿನಲ್ಲಿ ಈಗ ಉಳಿದಿರುವುದು ಅಲ್ಪಸ್ವಲ್ಪ. ಪೂಜೆಯ ವಸ್ತು ಬೇರೆ, ಬಿದ್ದ ಕಲ್ಲು ಬೇರೆಯೆಂಬುದು ಅವರ ಲೆಕ್ಕವಾಗಿತ್ತು. ಈ ಲೆಕ್ಕ ನಮ್ಮ ಕಡೆಯ ಹಾಳುಗುಡಿಗಳ ಸುತ್ತ ಓಡಾಡಿದವರಿಗೆ ಹೊಸದಲ್ಲ.

1837ರಲ್ಲಿ ಪ್ರಾಚೀನ ಸ್ಮಾರಕಗಳ ಅಧೀಕ್ಷಕನೂ ಕಥೆಗಾರನೂ ಆಗಿದ್ದ ಪ್ರಾಸ್ಪರ್ ಮೆರಿಮೆ ಇಲ್ಲಿಗೆ ಬಂದು, ಇಂಥ ನಿರ್ಜನ ಪ್ರದೇಶದಲ್ಲಿ ಇಷ್ಟು ಐಶ್ವರ್ಯ ಕಂಡು ಬೆರಗಾಗಿ ಸರ್ಕಾರಕ್ಕೆ ವರದಿ ಮಾಡಿದ. 1840ರ ಮೊದಲ ರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಈ ಚರ್ಚು ಸೇರಿತು. ಶಿಥಿಲವಾಗಿದ್ದ ಗೋಡೆಗಳು ದುರಸ್ತಿಯಾದವು. 1873ರಲ್ಲಿ ಬೇರೊಂದು ಪಂಥದ ಸಂನ್ಯಾಸಿಗಳು ಬಂದು ನೆಲಸಿದರು. 1875ರಲ್ಲಿ ಗರ್ಭಸ್ಥಾನದ ಕಂಬಗಳ ನಡುವಣ ಗೋಡೆಯನ್ನು ಬಿಚ್ಚಿದಾಗ ಚರ್ಮ ಹೊದಿಸಿ ಎನಾಮೆಲ್ ಬಿಲ್ಲೆಗಳಿಂದ ಅಲಂಕರಿಸಿದ ಪೆಟ್ಟಿಗೆಯೊಂದು ಸಿಕ್ಕಿತು; ಒಳಗೆ ಫ್ವಾಳ ಅಸ್ಥಿಗಳೆಂದು ನಂಬಲಾದ ಅವಶೇಷಗಳು. ಹಳಬರಾರೋ ಅಪಾಯಕಾಲದಲ್ಲಿ ಗೋಡೆಯೊಳಗಿಟ್ಟು ಕಟ್ಟಿ, ಹೇಳದೆ ಸತ್ತುಹೋಗಿದ್ದರು. ಅಡಗಿಸುವ ವಿದ್ಯೆ ಆ ಊರಿಗೆ ಹೊಸದಲ್ಲ.

ಇಪ್ಪತ್ತನೆಯ ಶತಮಾನದ ಒಂದು ಘಟನೆಯನ್ನು ಹೇಳಲೇಬೇಕು. ರೊದೆಸ್‌ನಲ್ಲಿ 1919ರಲ್ಲಿ ಹುಟ್ಟಿದ ಪಿಯೆರ್ ಸೂಲಾಜ್ ಎಂಬ ಹುಡುಗ ಶಾಲೆಯವರ ಜೊತೆ ಪ್ರವಾಸ ಬಂದು ಈ ಚರ್ಚಿನೊಳಗೆ ನಿಂತಾಗ, ತನ್ನ ಬಾಳು ಕಲೆಗೇ ಮೀಸಲೆಂದು ನಿಶ್ಚಯಿಸಿದನಂತೆ. ಮುಂದೆ ಅವರು ಕಪ್ಪು ಬಣ್ಣದ ಚಿತ್ರಗಳಿಂದ ಲೋಕಪ್ರಸಿದ್ಧರಾದರು. 1986ರಲ್ಲಿ ಸರ್ಕಾರ ಇದೇ ಚರ್ಚಿನ ಕಿಟಕಿಗಳಿಗೆ ಗಾಜು ರಚಿಸಲು ಅವರನ್ನೇ ಕೇಳಿತು. ಬಣ್ಣದ ಸಂತರ ಚಿತ್ರಗಳಿದ್ದ ಹಿಂದಿನ ಗಾಜುಗಳನ್ನು ತೆಗೆದು, 104 ಕಿಟಕಿ-ಕಿಂಡಿಗಳಿಗೆ ಅವರು ಬಣ್ಣವಿಲ್ಲದ, ಪಾರದರ್ಶಕವೂ ಅಲ್ಲದ ಗಾಜನ್ನು ಕೂಡಿಸಿದರು. ಬೇಕಾದ ಗಾಜು ಸಿಕ್ಕುವವರೆಗೆ ನೂರಾರು ಪ್ರಯೋಗಗಳನ್ನು ಮಾಡಿದರು. 1994ರಲ್ಲಿ ಕೆಲಸ ಮುಗಿಯಿತು. ಹೊರಗಿನ ನೋಟ ಕಾಣದು. ಬೆಳಕು ಮಾತ್ರ ಹೊತ್ತಿಗೆ ತಕ್ಕಂತೆ ಬದಲಾಗುತ್ತದೆ. ಊರಿನವರಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ. ತಾವು ಹುಟ್ಟಿನಿಂದ ಕಂಡ ಸಂತರನ್ನು ಕಿತ್ತು ಬರಿಯ ಗೆರೆಗಳನ್ನು ಹಾಕಿದರೆಂದು ಮುನಿದರು. ತಜ್ಞರು ಸೂಲಾಜರನ್ನು ಹೊಗಳಿದರು. ನನಗೆ ಚಿತ್ರಗಳಲ್ಲಿ ನೋಡಿದಷ್ಟಕ್ಕೆ ಆ ಗೆರೆಗಳು ಹಿಡಿಸಿವೆ. ಆದರೂ ಊರಿನವರ ಮುನಿಸು ಅಜ್ಞಾನದ್ದೆಂದು ಹೇಳಲು ನನ್ನಿಂದಾಗದು. ತಮ್ಮ ವಸ್ತುವನ್ನು ಬದಲಿಸುವಾಗ ತಮ್ಮನ್ನು ಕೇಳಬೇಕೆಂಬುದು ನ್ಯಾಯವಾದ ಅಪೇಕ್ಷೆಯೇ. ಸೂಲಾಜ್ 2022ರಲ್ಲಿ, 102ನೆಯ ವಯಸ್ಸಿನಲ್ಲಿ, ತೀರಿಕೊಂಡರು.

1998ರಲ್ಲಿ ಯುನೆಸ್ಕೊ ಫ್ರಾನ್ಸಿನ ಸ್ಯಾಂಟಿಯಾಗೊ ಮಾರ್ಗಗಳನ್ನು ವಿಶ್ವಪರಂಪರೆಗೆ ಸೇರಿಸಿದಾಗ ಈ ಚರ್ಚೂ ದೂರ್ದೂ ಮೇಲಿನ ಹಳೆಯ ಸೇತುವೆಯೂ ಅದರಲ್ಲಿ ಸೇರಿದವು. ಊರು ಮಾತ್ರ ಕರಗುತ್ತ ಬಂದಿತು. ಅವೇರೋನ್‌ನ ಮಕ್ಕಳು ಹೊಟ್ಟೆಪಾಡಿಗೆ ಪ್ಯಾರಿಸ್ಸಿಗೆ ಹೋಗಿ ಕಾಫಿ ಅಂಗಡಿಗಳನ್ನು ತೆರೆದ ಕಥೆ ಆ ದೇಶದಲ್ಲಿ ಪ್ರಸಿದ್ಧ. ದ್ರಾಕ್ಷಿಯ ಮೆಟ್ಟಿಲುಗಳ ಮೇಲೆ ಬಹುಮಟ್ಟಿಗೆ ಕಾಡು ಬೆಳೆದಿದೆ. ಮುನ್ನೂರು ಜನರೂ ಉಳಿಯದಿದ್ದ ಕೊಂಕ್ 2016ರ ಜನವರಿ 1ರಂದು ನೆರೆಯ ಮೂರು ಗ್ರಾಮಗಳೊಡನೆ ಕೂಡಿ ಕೊಂಕ್-ಆನ್-ರೂಎರ್ಗ್ ಎಂಬ ಒಂದೇ ಸಂಸ್ಥೆಯಾಯಿತು.

ಇಷ್ಟನ್ನು ಓದಿದ ಮೇಲೆ ಆ ಹುಡುಗಿಯನ್ನು ಗ್ರಂಥಾಲಯದಲ್ಲಿ ಕಂಡು, ಅಂದು ನಾನು ಕೊಟ್ಟ ಉತ್ತರ ಸರಿಯಲ್ಲವೆಂದು ಹೇಳಿದೆ. ಕದ್ದವನನ್ನು ಸಂತಳ ಒಪ್ಪಿಗೆಯ ತರ್ಕ ಕ್ಷಮಿಸಬಹುದು, ನಾನು ಕ್ಷಮಿಸಲಾರೆ. ಆದರೆ ಒಂಬೈನೂರು ವರ್ಷದ ಮೇಲೆ ಹಿತ್ತಲಿನಲ್ಲಿ ಹೂತು, ಅಗೆದು ತಂದು ಕೊಟ್ಟವರನ್ನು ಕಳ್ಳರ ವಂಶದವರೆಂದು ಕರೆಯಲೂ ಆರೆ ಎಂದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜೆನ್‌ನಲ್ಲಿ ಈಗ ಏನಿದೆ ಸರ್?” ಎಂದಳು. ಅಲ್ಲಿಯೂ ಫ್ವಾಳ ಹೆಸರಿನ ಒಂದು ಚರ್ಚಿದೆಯೆಂದು ಹೇಳಿದೆ. “ಹಾಗಾದರೆ ಅವರು ಬಿಟ್ಟಿಲ್ಲ” ಎಂದಳು. ತನ್ನ ಊರಿನಲ್ಲಿಯೂ ಮೂರ್ತಿಯಿಲ್ಲದ ಪೀಠಕ್ಕೆ ದಿನವೂ ದೀಪ ಹಚ್ಚುತ್ತಾರೆಂದು ಆಗಲೇ ನನಗೆ ತಿಳಿಸಿದ್ದು.

ನಕ್ಷೆಯನ್ನು ಹಿಂದಿರುಗಿಸುವ ಮೊದಲು ಮತ್ತೊಮ್ಮೆ ಬೆರಳಿಟ್ಟು ಆ ಊರನ್ನು ದಾಟಿದೆ. ಚರ್ಚಿನ ಮುಂದಿನಿಂದ ಷಾರ್ಲಮೇನನ ಬೀದಿ ಕಡಿದಾಗಿ ಇಳಿಯುತ್ತದೆ. ಕೆಳಗೆ ಸೇತುವೆ, ಯಾತ್ರಿಕನೆಂಬ ಹಳೆಯ ಮಾತಿನಿಂದ ಬಂದ ಹೆಸರನ್ನು ಜನ ರೋಮನ್ ಸೇತುವೆಯೆಂದು ತಿಳಿದಿದ್ದಾರೆ. ಅದನ್ನು ದಾಟಿದೊಡನೆ ಎದುರು ಬೆಟ್ಟದ ಏರು. ಅರ್ಧ ದಾರಿಯಲ್ಲಿ ಫ್ವಾಳ ಹೆಸರಿನ ಒಂದು ಸಣ್ಣ ಪ್ರಾರ್ಥನಾಮಂದಿರವಿದೆ. ಅಲ್ಲಿ ಹಿಂದಿರುಗಿ ನೋಡಿದರೆ ಮೂರು ಗೋಪುರ, ಕಲ್ಲುಹೊದಿಕೆಯ ಮನೆಗಳು, ಮೇಲೆ ಕಾಡು, ಎಲ್ಲವೂ ಚಿಪ್ಪಿನೊಳಗಿಟ್ಟಂತೆ ಕಾಣುತ್ತವೆ. ಇನ್ನು ಸ್ವಲ್ಪ ಏರಿದರೆ ದಾರಿ ಪ್ರಸ್ಥಭೂಮಿಯ ಮೇಲೆ ಪಶ್ಚಿಮಕ್ಕೆ ತಿರುಗುತ್ತದೆ. ಅಲ್ಲಿಂದ ಊರು ಕಾಣಿಸುವುದಿಲ್ಲ.